ಕಾಕಾನ ಡಬ್ಬಿಯೊಳಗಿನ ಅಕ್ಷತೆ

ಬೆಳಿಗ್ಗೆ ಎದ್ದವಳೇ, ಇವತ್ತು ನೀರು ಬರುವ ದಿನವಲ್ಲ ಎಂದು ಗೊತ್ತಿದ್ದೂ ನಳ ತಿರುಗಿಸಿ ನೋಡಿದೆ. ಸೊಲ್ಲಾಪುರದ ಹೆಂಗಸರಿಗೆ ಇದೊಂದು ಚಟ. ನಳ ಉಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಚಹಾ ಇಟ್ಟೆ. ನಮ್ಮನೆಯವರು ಅಂಗಡಿಯ ಕೀಲಿಕೈ ಹುಡುಕುತ್ತ ಮನೆಯನ್ನೆಲ್ಲ ಒಂದು ಸುತ್ತು ಹಾಕಿದರು. ಅದು ದಿನವೂ ಸಿಗುವಲ್ಲಿಯೇ, ಅಂದರೆ ಅವರ ಕಿಸೆಯಲ್ಲಿಯೇ, ಸಿಕ್ಕಿತು. ಚಾದರು ಟಾವೆಲುಗಳ ತಮ್ಮ ಸಂಸಾರಕ್ಕೆ ಅವರು ಹೊರಟುಹೋದ ಮೇಲೆ ಅತ್ತೆ ದೇವರ ಮುಂದೆ ಕೂತರು. ಪಕ್ಕದ ಮನೆಯ ಮಂದಾಕಿನಿ ವೈನಿ ಕಂಪೌಂಡಿನ ಆಚೆಯಿಂದ, "ಇವತ್ತ ನಿಮ್ಮ ಕುಕ್ಕರ್ ಒಂದ ಸೀಟಿ ಕಮ್ಮಿ ಹೊಡೀತಲ್ರಿ, ಬ್ಯಾಳಿ ಬೆಂದಾವಿಲ್ಲೋ?" ಎಂದು ಕೇಳಿದರು. ಬೆಂದಿವೆ ಎಂದೆ. ಬೆಂದಿರಲಿಲ್ಲ. ವೈನಿಯ ಕಿವಿ ಅಂಥದ್ದು. ಆಕೆ ನಮ್ಮ ಮನೆಯನ್ನು ನೋಡುವುದೇ ಇಲ್ಲ. ಬರೀ ಕೇಳಿಸಿಕೊಳ್ಳುತ್ತಾರೆ, ಕೇಳಿಸಿಕೊಂಡೇ ಎಲ್ಲ ತಿಳಿದುಕೊಳ್ಳುತ್ತಾರೆ.

ಆಮೇಲೆ ಕಸಬರಿಗೆ ಹಿಡಿದೆ. ನಡುಮನೆಯ ಮೂಲೆಯಲ್ಲಿರುವ ಕಂದು ಬಣ್ಣದ ಡಬ್ಬಿಯ ಕೆಳಗೆ ಗುಡಿಸಿದಾಗ ಧೂಳಿನ ಜೊತೆ ಒಂದು ಅಕ್ಕಿಕಾಳು ಉರುಳಿಕೊಂಡು ಬಂತು. ಬರೀ ಅಕ್ಕಿಯಲ್ಲ, ಅರಿಸಿನ ಹಚ್ಚಿದ ಅಕ್ಷತೆ. ನಮ್ಮ ಮನೆಯಲ್ಲಿ ಈಚೆಗೆ ಮದುವೆಯಾಗಿಲ್ಲ, ತೊಟ್ಟಿಲು ಕಟ್ಟಿಲ್ಲ. ಆದರೆ ಈ ಕಾಳು ಎಲ್ಲಿಂದ ಬಂತೆಂದು ನನಗೆ ಗೊತ್ತು. ಕಸದ ಜೊತೆ ಚೆಲ್ಲಲು ಮನಸ್ಸಾಗಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಕಸಬರಿಗೆ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತೆ. ಇವತ್ತು ಗುರುವಾರ. ಸಂಜೆ ಕಾಕಾ ಬರುತ್ತಾರೆ. ಸಂಜೆಯ ವಿಚಾರ ಬಂದ ಕೂಡಲೇ ನನ್ನ ಹೊಟ್ಟೆಯಲ್ಲಿ ಕುಕ್ಕರಿನ ಕಮ್ಮಿಯಾದ ಆ ಸೀಟಿ ಹೊಡೆಯಿತು. ಯಾಕೆಂದು ಆಮೇಲೆ ಹೇಳುತ್ತೇನೆ, ನೀವೂ ಸ್ವಲ್ಪ ಕೂತುಕೊಳ್ಳಿ.

ಕಾಕಾ ಎಂದರೆ ನನ್ನ ಮಾವನವರ ತಮ್ಮ, ಸಿದ್ಧರಾಮ ಕಾಕಾ. ಇರುವುದು ಅಕ್ಕಲಕೋಟದಲ್ಲಿ. ಗುರುವಾರ ಬಂತೆಂದರೆ ಊರೂರ ಮಂದಿ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟದ ಬಸ್ಸು ಹತ್ತುತ್ತಾರೆ. ಕಾಕಾ ಅದೇ ದಿನ ಅಲ್ಲಿಂದ ಸೊಲ್ಲಾಪುರದ ಬಸ್ಸು ಹತ್ತುತ್ತಾರೆ. "ಈ ಕಡೆ ಬರೂ ಗಾಡ್ಯಾಗ ನಾನು, ಡ್ರಾಯವ್ಹರ, ಕಂಡಕ್ಟರ ಮೂರೇ ಮಂದಿ. ಕಾಲ ಚಾಚಿ ಬರ್ತೀನಿ," ಎಂದು ಹೆಮ್ಮೆಪಡುತ್ತಾರೆ. ಬರುವುದು ನಮ್ಮನ್ನು ನೋಡಲಿಕ್ಕಲ್ಲ, ಡಬ್ಬಿಯನ್ನು ನೋಡಲಿಕ್ಕೆ.

ಡಬ್ಬಿಗೆ ಆಂಪ್ಲಿಫಾಯರ್ ಎಂಬ ದೊಡ್ಡ ಹೆಸರೂ ಇದೆ; ಆ ಹೆಸರಿನಿಂದ ನಮ್ಮ ಮನೆಯಲ್ಲಿ ಅದನ್ನು ಯಾರೂ ಕರೆದಿಲ್ಲ. ಕಾಕಾ ಹರೆಯದಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ಬಾರಿಸುತ್ತಿದ್ದರು. ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ಬಾರಿಸುವ ಗಿಟಾರು ಅದು. ವಾಗದರಿಯ ಮದುವೆಯೊಂದರಲ್ಲಿ ಜನ ವರನನ್ನು ಬಿಟ್ಟು ಕಾಕಾನನ್ನು ಕುದುರೆಯ ಮೇಲೆ ಕೂರಿಸಿದ್ದರಂತೆ. ಇದು ಕಾಕಾ ಹೇಳಿದ್ದು, ವಾಗದರಿಯವರು ಹೇಳಿದ್ದಲ್ಲ. ಗಿಟಾರಿನ ದನಿ ದೊಡ್ಡದು ಮಾಡಲು ಮುಂಬೈಯ ಯಾವುದೋ ಗಲ್ಲಿಯಲ್ಲಿ ಈ ಡಬ್ಬಿಯನ್ನು ಕಟ್ಟಿಸಿ ತಂದರು. ಮುಂದೆ ಬಟ್ಟೆ, ಸುತ್ತ ಕಂದು ರೆಕ್ಸಿನ್ನು, ಹಿಂದೆ ಮುಚ್ಚಳವಿಲ್ಲ. ಒಳಗೆ ಒಂದು ಸ್ಪೀಕರು, ಮೇಲೆ ಗಾಜಿನ ವಾಲ್ವುಗಳ ಒಂದು ಸಾಲು. ಚಾಲೂ ಮಾಡಿದರೆ ವಾಲ್ವುಗಳು ನಿಧಾನವಾಗಿ ಕಾವೇರಿ, ನೀಲಾಂಜನ ಹಚ್ಚಿಟ್ಟಂತೆ ಕೆಂಪಗೆ ಹೊಳೆಯುತ್ತವೆ. ಗಿಟಾರಿನ ಸಪ್ಪಳಕ್ಕೆ ಮೂಗು ಮುರಿಯುವ ನಮ್ಮ ಅತ್ತೆಯೂ ಆ ಹೊಳಪು ಕಂಡರೆ ಕೈ ಮುಗಿಯುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಅಕ್ಕಲಕೋಟದ ಕಾಕಿ ಮದುವೆಯಾಗಿ ಬಂದ ಹೊಸದರಲ್ಲೇ, "ಮನಿಯಾಗ ಡಬ್ಬಿ ಇರಬೇಕು, ಇಲ್ಲಾ ನಾ ಇರಬೇಕು," ಎಂದಿದ್ದರಂತೆ. ಕಾಕಾ ಬಹಳ ಹೊತ್ತು ಯೋಚನೆ ಮಾಡಿದರಂತೆ. ಆ ಯೋಚನೆಗಾಗಿ ಕಾಕಿಗೆ ಇನ್ನೂ ಸಿಟ್ಟಿದೆ. ಕೊನೆಗೆ ಡಬ್ಬಿ ಗಿಟಾರಿನ ಸಮೇತ ಸೊಲ್ಲಾಪುರಕ್ಕೆ, ನಮ್ಮ ನಡುಮನೆಗೆ ಬಂತು.

ಕೆಲವು ವರ್ಷಗಳ ಹಿಂದೆ ಈ ಡಬ್ಬಿಗೆ ಕಾಯಿಲೆ ಹತ್ತಿತು. ಮೊದಲು ಗುಂಯ್ ಎಂಬ ಒಂದೇ ಸಮನೆಯ ಗುನುಗು. ಅದರ ಮೇಲೆ, ಬಿಸಿ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ. ಕಾಕಾ ಕೆಳಗಿನ ಸ್ವರ ಬಾರಿಸಿದರೆ ಝರ್ರ್ ಎಂಬ ಇನ್ನೊಂದು ನಡುಕ. ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಎಲ್ಲರೂ ವೈದ್ಯರಾಗುತ್ತಾರಲ್ಲ, ಹಾಗೆಯೇ ಆಯಿತು. ನಮ್ಮನೆಯವರು "ಜುನಾ ಮಾಲು" ಎಂದರು. ಅವರಿಗೆ ಜಗತ್ತಿನಲ್ಲಿ ಮಾಲು ಎರಡೇ ಥರ, ಹೊಸದು ಮತ್ತು ಜುನಾ. ಮಂದಾಕಿನಿ ವೈನಿ ಗೋಡೆಯಾಚೆಯಿಂದಲೇ "ಇಲಿ" ಎಂದರು. ಅತ್ತೆ, "ನಜರ ಹತ್ಯಾದ," ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಆ ಘಾಟಿಗೆ ನಾವೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು. ಡಬ್ಬಿ ಮಾತ್ರ ಒಳಗೆ ಆರಾಮವಾಗಿ ಗುನುಗುತ್ತ ಕೂತಿತ್ತು.

ಅದೇ ಹೊತ್ತಿಗೆ ನಮ್ಮನೆಯವರ ದೋಸ್ತರೊಬ್ಬರು ಹೈವೇದ ಮೇಲೆ ಹೋಟೆಲು ತೆಗೆದಿದ್ದರು. ಹಳೆಯ ಸಾಮಾನು ಇಟ್ಟರೆ ಗಿರಾಕಿಗಳು ಫೋಟೋ ಹೊಡೆದುಕೊಳ್ಳುತ್ತಾರಂತೆ. ಡಬ್ಬಿಯನ್ನು ನೋಡಿ, "ಗಲ್ಲಾದ ಬಾಜೂಕ ಇಡತೀನಿ. ಮ್ಯಾಲ ಒಂದ ಮನಿ ಪ್ಲ್ಯಾಂಟ್. ಮಸ್ತ ಕಾಣತದ," ಎಂದರು. ಕಾಕಾನ ಕೈಯಲ್ಲೇ ಚಹಾದ ಬಶಿ ತಣ್ಣಗಾಯಿತು. ಅದನ್ನು ಕೆಳಗಿಟ್ಟು, ಸೊಸೆಯಾದ ನನ್ನತ್ತ ತಿರುಗಿ, "ಸೂನಬಾಯಿ, ಮುಂದಿನ ಗುರುವಾರತನಕ ನೋಡೂಣು. ಸಪ್ಪಳ ಹೋತಂದ್ರ ಇಲ್ಲೇ ಇರ್ಲಿ. ಇಲ್ಲಂದ್ರ ಒಯ್ಯಲಿ. ಇಂಥಾ ಗದ್ದಲದಾಗ ನಾ ಬಾರಸಾಂಗಿಲ್ಲ," ಎಂದರು. ಕುದುರೆಯ ಮೇಲೆ ಕೂತಿದ್ದ ಮನುಷ್ಯ ಮನಿ ಪ್ಲ್ಯಾಂಟಿನ ಕೆಳಗೆ ಕೂರುವುದನ್ನು ನೆನೆದು ನಾನು ರಿಪೇರಿ ಮಾಡುವವರನ್ನು ಹುಡುಕತೊಡಗಿದೆ.

ರಿಪೇರಿಯವನೊಬ್ಬ ಬಂದ. ಒಳಗೆ ಇಣುಕಿ, "ಭಾಬಿ, ಇದು ನನಗಿಂತ ಹಿರೇದದ," ಎಂದು ನಮಸ್ಕಾರ ಮಾಡಿ ಹೋದ.

ನನಗೆ ಈ ಯಂತ್ರಗಳ ವಿದ್ಯೆ ಗೊತ್ತಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಟೇಬಲ್ಲಿನ ಮೇಲೆ ಚಮಚ ಯಾವ ಕಡೆ ಇಡಬೇಕೆಂದು ಗೊತ್ತು, ಆ ಟೇಬಲ್ಲು ನಮ್ಮ ಮನೆಯಲ್ಲಿಲ್ಲ. ಆದರೆ ಅಲ್ಲಿಯ ಪ್ರಾರ್ಥನಾ ಗುಂಪಿನಲ್ಲಿ ನಾನು ಹಾಡುತ್ತಿದ್ದೆ, ಗಿಟಾರಿನ ಮೇಲೆ ನಾಲ್ಕು ಸ್ವರಗಳನ್ನೂ ಗೀರುತ್ತಿದ್ದೆ. ಗುಂಪಿನಲ್ಲಿ ಯಾರೋ ಅಪಸ್ವರ ಹಾಡಿದರೆ ನಮ್ಮ ಸಿಸ್ಟರ್ ಬೈಯುತ್ತಿರಲಿಲ್ಲ. ಹಾಡು ನಡೆದಿರುವಾಗಲೇ ಸಾಲಿನ ಮುಂದೆ ನಡೆಯುತ್ತ, ಒಬ್ಬೊಬ್ಬರ ಭುಜ ಮುಟ್ಟಿ ಬಾಯಿ ಮುಚ್ಚಿಸುತ್ತಿದ್ದರು. ಯಾರ ಬಾಯಿ ಮುಚ್ಚಿದಾಗ ಹಾಡು ಶುದ್ಧವಾಗುತ್ತದೋ ಅವಳೇ ಕಳ್ಳಿ. ಬಹುತೇಕ ಸಲ ನನ್ನ ಭುಜ ಮುಟ್ಟಿದಾಗಲೇ ಹಾಡು ಶುದ್ಧವಾಗುತ್ತಿತ್ತು ಎಂಬುದು ಬೇರೆ ಮಾತು. ಒಮ್ಮೆ ಮಾತ್ರ ಎಲ್ಲರ ಬಾಯಿ ಮುಚ್ಚಿಸಿದರೂ ಗುಂಯ್ ಎಂಬ ದನಿ ನಿಲ್ಲಲಿಲ್ಲ. ಅದು ಮೇಲಿನ ಫ್ಯಾನು.

ಮುಂದಿನ ಗುರುವಾರ ಕಾಕಾ ಬಂದಾಗ ಈ ಉಪಾಯ ಹೇಳಿದೆ. ಅವರಿಗೆ ಅದು ಹಿಡಿಸಿತು. "ಆದ್ರ ಒಂದ ಲಕ್ಷದಾಗ ಇಡು. ಒಳಗ ಒಂದ ಕೈ ಹಾಕಿದ್ರ ಇನ್ನೊಂದ ಬೆನ್ನ ಹಿಂದ. ಎರಡೂ ಹಾಕಿದಿ ಅಂದ್ರ ಕರೆಂಟ ಎದಿ ದಾಟಿ ಹೊಂಟುಬಿಡತದ. ಮತ್ತ ಬಂದ್ ಮಾಡಿದ ಕೂಡ್ಲೇನೂ ಮುಟ್ಟಬ್ಯಾಡ. ಮ್ಯಾಲ ಸುಮ್ಮನಾಗಿರ್ತದ, ಒಳಗ ಸಿಟ್ಟು ಹಂಗ ಇರ್ತದ." ನನ್ನ ಕಣ್ಣು ನನಗೆ ಹೇಳದೆಯೇ ಅತ್ತೆಯ ಕಡೆ ಹೋಯಿತು.

ಮೊದಲು ದನಿಯ ಗುಂಡಿಯನ್ನು ಪೂರ್ತಿ ಇಳಿಸಿದೆವು. ಗುನುಗು ಇಳಿಯಲೇ ಇಲ್ಲ. ಅಂದರೆ ಹಾಡುವವರದಲ್ಲ, ಫ್ಯಾನಿನದು! ಕಾಕಾ ಗೋಡೆಯ ಪ್ಲಗ್ಗನ್ನು ನೋಡಿದರು, ವಾಯರಿನ ಜಾಡು ಹಿಡಿದು ಹಿತ್ತಲಿಗೆ ಹೋದರು. ಅಲ್ಲಿ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಕುಣಿ ಒಣಗಿ ಬಿರುಕು ಬಿಟ್ಟಿತ್ತು. "ನೆಲಕ್ಕ ನೀರಡಿಕಿ ಆಗ್ಯಾದ," ಎಂದರು. ನಳದ ನೀರು ಎರಡು ಕೊಡ ಮಾತ್ರ ಉಳಿದಿತ್ತು. ಅದನ್ನು ಸುರಿದರೆ ಅತ್ತೆ ನನ್ನನ್ನೇ ಕುಣಿಯಲ್ಲಿ ಇಳಿಸುತ್ತಿದ್ದರು. ಹಾಗಾಗಿ ಅಕ್ಕಿ ತೊಳೆದ ನೀರಿಗೆ ಉಪ್ಪು ಕಲಸಿ ತಂದು ಹಾಕಿದೆ. ಗೋಡೆಯಾಚೆಯಿಂದ ದನಿ ಬಂತು.

"ನೀರ ಹಾಕೂ ಸಪ್ಪಳ ಬಂತಲ್ಲ? ಏನ ಬಿತ್ತೀರಿ?"

"ಕರೆಂಟ್ ಬಿತ್ತೀವ್ರಿ ವೈನಿ," ಎಂದೆ.

"ಬೆಳದ್ರ ನಮಗೂ ಒಂದಿಷ್ಟ ಕೊಡ್ರಿ. ನಮ್ಮ ಮನ್ಯಾಗ ಘಳಿಗಿಗೊಮ್ಮೆ ಹೋಗತದ."

ಒಳಗೆ ಬಂದು ನೋಡಿದರೆ ಗುಂಯ್ ಎಂಬುದು ಸೊಳ್ಳೆಯ ದನಿಗೆ ಇಳಿದಿತ್ತು. ಕಾಕಾ ನನ್ನತ್ತ, ನಾನು ಕಾಕಾನತ್ತ, ಇಬ್ಬರೂ ಗೆದ್ದವರ ಹಾಗೆ ನೋಡಿಕೊಂಡೆವು.

ಇನ್ನು ಚಟಪಟ. ಸಾಲಿನ ಒಂದೊಂದೇ ಹುಡುಗಿಯ ಭುಜ ಮುಟ್ಟಬೇಕು. ಬಂದ್ ಮಾಡುವುದು, ಸಿಟ್ಟು ಇಳಿಯುವ ತನಕ ಕಾಯುವುದು, ಒಂದು ವಾಲ್ವು ಕೀಳುವುದು, ಮತ್ತೆ ಚಾಲೂ ಮಾಡಿ ಕೇಳುವುದು. ನಾನು ಒಂದು ಕೈಯಲ್ಲಿ ವಾಲ್ವು ಹಿಡಿದು, ಇನ್ನೊಂದನ್ನು ಸೊಂಟಕ್ಕಿಟ್ಟು ನಿಂತದ್ದನ್ನು ಕಂಡ ಅತ್ತೆ ಮೈದುನನ ಕಡೆ ತಿರುಗಿ, "ನೋಡ್ರಿ ಭಾವುಜಿ, ನಿಮ್ಮ ಸೂನಬಾಯಿ ಡಬ್ಬಿ ಸಂಗಟ ಜಗಳಾಕ ನಿಂತಾಳ," ಎಂದು ಒಳಗೆ ಹೋದರು. ಮೊದಲನೆಯ ವಾಲ್ವು ಕಿತ್ತರೂ ಚಟಪಟ ನಡೆದೇ ಇತ್ತು. ಎರಡನೆಯದನ್ನು ಕಿತ್ತು ಚಾಲೂ ಮಾಡಿದಾಗ ಡಬ್ಬಿ ಗಪ್ಪಾಯಿತು. ಕಳ್ಳಿ ಸಿಕ್ಕಿದ್ದಳು.

ಕಾಕಾ ಆ ವಾಲ್ವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೋತು, ಸೂನಬಾಯಿ. ಬೆಳ್ಳಗಾಗ್ಯಾದ."

"ಹಂಗಂದ್ರ ಏನ್ರಿ ಕಾಕಾ?"

"ಒಳಗ ಗಾಳಿ ಹೊಕ್ಕಿತಂದ್ರ ವಾಲ್ವ್ ಬೆಳ್ಳಗಾಗತದ. ಬೆಳ್ಳಗಾತಂದ್ರ ಸತ್ತಂಗ. ಈಗ ಇಂಥಾದ್ದು ಎಲ್ಲೂ ಸಿಗಾಂಗಿಲ್ಲ. ಆ ಹೋಟೆಲಿನವಗ ಫೋನ ಹಚ್ಚು."

ಸತ್ತವರ ಮೈ ಒರೆಸುವ ಹಾಗೆ, ಸೆರಗಿನ ತುದಿಯಿಂದ ಆ ಗಾಜನ್ನು ಸುಮ್ಮನೆ ಒರೆಸಿದೆ. ಬಿಳುಪು ಸೆರಗಿಗೆ ಬಂತು. ಇನ್ನೊಮ್ಮೆ ಒರೆಸಿದೆ. ಗಾಜಿನ ಅರ್ಧ ಲಕಲಕ ಎನ್ನತೊಡಗಿತು. ಉಳಿದರ್ಧದ ಮೇಲೆ ಅಡ್ಡಕ್ಕೆ ಮೂರು ಗೆರೆಗಳು ಸ್ಪಷ್ಟವಾಗಿ ಕಂಡವು, ನಡುವೆ ಮಾಸಿದ ಕೆಂಪು ಬೊಟ್ಟು. ಬೆರಳನ್ನು ಮೂಗಿಗೆ ಹಿಡಿದೆ. ಅನುಮಾನವೇ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ನಮ್ಮ ದೇವರ ಕೋಣೆಯಿಂದ ಬರುವ ವಾಸನೆ ಅದು.

ನಮ್ಮದು ವಿಭೂತಿಯ ಮನೆ. ಆಯುಧಪೂಜೆಯ ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ಹಣೆ ಬೋಳಾಗಿರುವ ಯಂತ್ರವೇ ಇರುವುದಿಲ್ಲ. ಮಿಕ್ಸರು, ಫ್ರಿಜ್ಜು, ಸ್ಕೂಟರು, ಅಂಗಡಿಯ ತಕ್ಕಡಿ ಎಲ್ಲವೂ ಮೂರು ಬೆರಳಿನ ಪಟ್ಟೆ ಹಚ್ಚಿಕೊಂಡು ಜಂಗಮರ ಸಾಲಿನಂತೆ ಕೂತಿರುತ್ತವೆ. ಆ ಹೊತ್ತಿನಲ್ಲಿ ನಾನು ಒಳಗೆ ಹೋಳಿಗೆ ಬೇಯಿಸುತ್ತಿರುತ್ತೇನೆ, ಕಾಕಾ ಅಕ್ಕಲಕೋಟದ ತಮ್ಮ ಮನೆಯಲ್ಲಿರುತ್ತಾರೆ. ಡಬ್ಬಿಯ ಮುಂದಿನ ಬಟ್ಟೆಗೆ ಹಚ್ಚಿದರೆ ಹೊಲಸಾಗುತ್ತದೆಂದು, ಅಚ್ಚುಕಟ್ಟಿನವರಾದ ನಮ್ಮ ಅತ್ತೆ, ಹಿಂದಿನಿಂದ ಕೈ ಹಾಕಿ, ದೀಪದಂತೆ ಹೊಳೆಯುವ ಆ ವಾಲ್ವುಗಳಿಗೇ ನೀರಲ್ಲಿ ಕಲಸಿದ ವಿಭೂತಿ ಹಚ್ಚುತ್ತ ಬಂದಿದ್ದರು. ಹೆಚ್ಚಾದದ್ದು ಇಳಿದು, ವಾಲ್ವಿನ ಕಾಲು ಸಿಕ್ಕಿಸುವ ತೂತುಗಳಲ್ಲಿ ಸೇರಿ ಗಟ್ಟಿಯಾಗಿತ್ತು. ಎರಡನೆಯದು ನಡುವಿನದು, ದಪ್ಪನೆಯದು. ಅದಕ್ಕೆ ಭಕ್ತಿ ಸ್ವಲ್ಪ ಹೆಚ್ಚೇ ಸಂದಿತ್ತು.

ಕಾಕಾ ಟೊಪ್ಪಿಗೆ ಹಾಕಿಕೊಂಡರು. ಒಳಗಿನ ಕಡೆ ನೋಡಿ ದನಿ ತಗ್ಗಿಸಿ, "ವೈನಿಗಿ ಹೇಳಬ್ಯಾಡ," ಎಂದರು. ಅವರಿಗೆ ವೈನಿ ಎಂದರೆ ಅಣ್ಣನ ಹೆಂಡತಿ, ನಮ್ಮ ಅತ್ತೆ. ಕುದುರೆಯ ಮೇಲೆ ಕೂತವರೂ ವೈನಿಗೆ ಹೆದರುತ್ತಾರೆ. ಇಬ್ಬರೂ ಕಳ್ಳರಂತೆ ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತೂತುಗಳನ್ನು ಉಜ್ಜಿದೆವು. ವಿಭೂತಿ ಕಾಲಿಗೆ ಬೀಳಬಾರದೆಂದು ಕೆಳಗೆ ತಾಟು ಹಿಡಿದೆ. ಎಲ್ಲ ಒಣಗಿದ ಮೇಲೆ ಚಾಲೂ ಮಾಡಿದರೆ ಸಾಸಿವೆಯ ಚಟಪಟ ಇಲ್ಲ. ಕಾಕಾ ಖುಷಿಯಿಂದ ಕೆಳಗಿನ ತಂತಿ ಮೀಟಿದರು. ಝರ್ರ್!

"ಇದೊಂದ ಉಳದದ ನೋಡು. ಸ್ಪೀಕರಿನ ಕಾಗದ ಹರದದೇನೋ."

ನೋಡೋಣವೆಂದು, ಬಂದ್ ಮಾಡಿ, ಇಬ್ಬರೂ ಸೇರಿ ಡಬ್ಬಿಯನ್ನು ಹಿಂದಕ್ಕೆ ವಾಲಿಸಿದೆವು. ಒಳಗೆ ಏನೋ ಸರಸರ ಹರಿಯಿತು. ಇನ್ನಷ್ಟು ವಾಲಿಸಿದೆವು. ಡಬ್ಬಿಯ ಬೆನ್ನಿನಿಂದ ಅಕ್ಷತೆ ಸುರಿಯತೊಡಗಿತು. ವರ್ಷವರ್ಷದ ಅಕ್ಷತೆ, ಹೊಸದು ಅರಿಸಿನ, ಹಳೆಯದು ಕಂದು, ಜೊತೆಗೆ ಒಣಗಿದ ಚೆಂಡುಹೂವಿನ ಎಸಳು. ನಮ್ಮ ಮದುವೆಯಲ್ಲಿಯೂ ನನ್ನ ತಲೆಯ ಮೇಲೆ ಇಷ್ಟು ಬಿದ್ದಿರಲಿಲ್ಲ. ಕಾಳು ನೆಲದ ಫರಸಿಯ ಮೇಲೆ ಕುಣಿದ ಸಪ್ಪಳಕ್ಕೆ ಅತ್ತೆ ಹೊರಗೆ ಬಂದೇಬಿಟ್ಟರು. ಅಕ್ಷತೆ ನೋಡಿದರು, ತಾಟಿನ ವಿಭೂತಿ ನೋಡಿದರು, ನಮ್ಮಿಬ್ಬರ ಮುಖ ನೋಡಿದರು.

"ಅಂದ್ರ ನಾ ಮಾಡಿದ ಪೂಜಿಯಿಂದ ಇದು ಕೆಟ್ಟಿತ್ತು, ಹೌದಿಲ್ಲೋ?"

ನಾನು ಸೀಲಿಂಗು ನೋಡಿದೆ. ಕಾಕಾ ಗಂಟಲು ಸರಿಮಾಡಿಕೊಂಡರು. "ಛೇ ಛೇ, ವೈನಿ. ಇಷ್ಟ ದಿನಾ ನಡದದ್ದ ನಿಮ್ಮ ಪೂಜಿಯಿಂದ್ರಿ. ಆಶೀರ್ವಾದ ಒಂದೀಟ ಜಾಸ್ತಿ ಆಗಿತ್ತು, ಅಷ್ಟ."

"ಆತ ಬಿಡ್ರಿ. ಈಗ ಬಾರಸ್ರಿ. ಆಶೀರ್ವಾದ ತಗದ ಮ್ಯಾಲ ಹೆಂಗ ನುಡೀತದ ನಾನೂ ಕೇಳತೀನಿ," ಎಂದು ಅತ್ತೆ ಎದುರಿಗೇ ಕೂತರು.

ಕಾಕಾ ಬಾರಿಸಿದರು. ಹಳೆಯ ಭಜನೆಯ ಧಾಟಿಯೊಂದು. ಗುನುಗಿಲ್ಲ, ಚಟಪಟವಿಲ್ಲ, ಝರ್ರಿಲ್ಲ. ತೊಳೆದಿಟ್ಟ ಗಾಜಿನ ಲೋಟದಂಥ ಮೌನ. ಆ ಮೌನದಲ್ಲಿ ಒಂದೊಂದೇ ಸ್ವರ ಬಂದು ನಿಂತಿತು, ನಿಂತು ಸಣ್ಣಗೆ ನಡುಗಿತು. ಉಕ್ಕಿನ ತುಂಡು ತಲುಪಬೇಕಾದ ಜಾಗದ ಸ್ವಲ್ಪ ಈಚೆಗೇ ನಿಂತಿತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಕಾಕಾ ಅರ್ಧಕ್ಕೇ ಕೈ ಎತ್ತಿದರು.

"ಸೂನಬಾಯಿ, ಈ ನಡಗೂದು ಡಬ್ಬೀದೇನು?"

ಹೇಳಿದವರು ಅತ್ತೆ. "ನಿಮ್ಮ ಕೈದ್ರಿ, ಭಾವುಜಿ. ಎಷ್ಟೋ ವರ್ಷ ಆತು. ಅದು ನಿಮ್ಮ ಷ್ಟಾಯಿಲು ಅಂತ ತಿಳಕೊಂಡಿದ್ದೆ."

ಒಂದು ಕ್ಷಣ ನನಗೆ ಹೆದರಿಕೆಯಾಯಿತು. ಆಮೇಲೆ ಕಾಕಾ ನಕ್ಕರು. ಹೊಟ್ಟೆ ಕುಲುಕಿ, ತೊಡೆಯ ಮೇಲಿನ ಗಿಟಾರೂ ಝುಂ ಎನ್ನುವಂತೆ ನಕ್ಕರು. ನಗುತ್ತಲೇ ಕೆಳಗೆ ಬಗ್ಗಿ ಒಂದು ಚಿಟಿಕೆ ಅಕ್ಷತೆ ಆರಿಸಿ, ಡಬ್ಬಿಯ ಬೆನ್ನೊಳಗೆ ಕೈ ಹಾಕಿ ಸ್ಪೀಕರಿನ ಮೇಲೆ ಉದುರಿಸಿದರು. "ಇಷ್ಟ ಇರ್ಲಿ, ವೈನಿ. ಮುಪ್ಪಿಗಿ ಆಸರ ಬೇಕು." ಮತ್ತೆ ಬಾರಿಸಿದರು. ಝರ್ರ್ ಬಂತು, ಮೆತ್ತಗೆ, ಮುತ್ತಿನ ಸರ ಅಲುಗಿದ ಹಾಗೆ. ಕೈಯ ನಡುಕ ಅದರಲ್ಲಿ ಸೇರಿಹೋಯಿತು. ಹೋಟೆಲಿಗೆ ಫೋನು ಹೋಗಲಿಲ್ಲ.

ಅಂದಿನಿಂದ ಖಂಡೇನವಮಿಗೆ ಡಬ್ಬಿಯ ಮೂಲೆಗೊಂದು ಬೊಟ್ಟು ಮಾತ್ರ. ಪ್ರತಿ ಗುರುವಾರ ಚಹಾ ಆದಮೇಲೆ ಕಾಕಾ ನನಗೂ ಹವಾಯಿಯನ್ ಬಾರಿಸುವುದನ್ನು ಕಲಿಸತೊಡಗಿದರು. ಡಬ್ಬಿ ಬಂದ್ ಇಟ್ಟೇ. ಅದು ನನ್ನದೇ ಕರಾರು. ವೈನಿಯ ಕಿವಿಯ ಬಗ್ಗೆ ನಿಮಗೆ ಹೇಳಿದ್ದೇನಲ್ಲ.

ಹೋದ ಗುರುವಾರ ಬಾರಿಸುತ್ತಿರುವಾಗ ಉಕ್ಕಿನ ತುಂಡು ಕಾಕಾನ ಬೆರಳಿನಿಂದ ಜಾರಿ ಫರಸಿಯ ಮೇಲೆ ಬಿತ್ತು. ಎತ್ತಿಕೊಟ್ಟೆ. ಅವರು ತೆಗೆದುಕೊಳ್ಳದೆ ನನ್ನ ಕೈಯಲ್ಲೇ ಬಿಟ್ಟರು. "ಹೋಟೆಲಿನಂವ ಮತ್ತ ಫೋನ ಮಾಡಿದ್ದ. ಬಾರಸೂ ಕೈ ಇದ್ರ ಡಬ್ಬಿ ಮನಿಯಾಗಿರಲಿ. ಇಲ್ಲಂದ್ರ ಸುಮ್ಮ ಯಾಕ ಕೂಡಬೇಕದು? ಮುಂದಿನ ಗುರುವಾರ ನೀ ಬಾರಸು, ನಾ ಚಹಾ ಕುಡೀತೀನಿ. ಡಬ್ಬಿ ಚಾಲೂ ಇಟ್ಟು, ಮತ್ತ!"

ಆ ಮುಂದಿನ ಗುರುವಾರವೇ ಇವತ್ತು. ಹೊಟ್ಟೆಯಲ್ಲಿ ಸೀಟಿ ಹೊಡೆದದ್ದು ಅದಕ್ಕೇ.

ಸಂಜೆ ಕಾಕಾ ಕಾಲು ಚಾಚಿಕೊಂಡು ಬಂದು ಇಳಿದರು. ನಾನು ಚಹಾ ಕೊಟ್ಟು, ಅವರು ಬಶಿಗೆ ಸುರಿದುಕೊಳ್ಳುವಾಗ ಡಬ್ಬಿಯ ಹಿಂದೆ ಹೋಗಿ, ಸೆರಗಿನ ಗಂಟು ಬಿಚ್ಚಿ ಬೆಳಗಿನ ಕಾಳನ್ನು ಒಳಗೆ ಹಾಕಿದೆ. ಒಂದು ಕೈ ಬೆನ್ನ ಹಿಂದೆಯೇ ಇತ್ತು. ಡಬ್ಬಿ ಚಾಲೂ ಮಾಡಿದೆ. ವಾಲ್ವುಗಳು ಕೆಂಪಗಾದವು, ಅತ್ತೆ ಕೈ ಮುಗಿದರು. ಡಬ್ಬಿಗೋ, ನನ್ನನ್ನು ಕಾಪಾಡೆಂದು ದೇವರಿಗೋ ತಿಳಿಯದು. ಅದೇ ಭಜನೆಯ ಧಾಟಿ ಹಿಡಿದೆ. ಮೊದಲ ಜಾರು, ಬಾಗಿಲ ಸಂದಿಯಲ್ಲಿ ಬಾಲ ಸಿಕ್ಕ ಬೆಕ್ಕಿನಂತೆ ಬಂತು. ಎರಡನೆಯದರಲ್ಲಿ ಬೆಕ್ಕು ಬಾಲ ಬಿಡಿಸಿಕೊಂಡಿತು. ಒಂದು ಕಾಳು ಪಾಪ ಎಷ್ಟೆಂದು ಮುಚ್ಚೀತು? ಸಿಸ್ಟರ್ ಬಂದು ಭುಜ ಮುಟ್ಟುತ್ತಾರೆಂದು ಕಾದೆ. ಯಾರೂ ಮುಟ್ಟಲಿಲ್ಲ. ಕೊನೆಯ ತನಕ ಬಾರಿಸಿಬಿಟ್ಟೆ.

ಕಾಕಾ ಕಣ್ಣು ತೆರೆದು, ಬಶಿ ಕೆಳಗಿಟ್ಟು, ಕಿಸೆಯಿಂದ ಫೋನು ತೆಗೆದರು. "ತಮ್ಮಾ, ನಿನ್ನ ಮನಿ ಪ್ಲ್ಯಾಂಟಿಗಿ ಬ್ಯಾರೆ ಜಾಗಾ ನೋಡ್ಕೋ. ಡಬ್ಬಿ ಖಾಲಿ ಇಲ್ಲ," ಎಂದು ಇಟ್ಟುಬಿಟ್ಟರು. ಅತ್ತೆ ಒಳಗೆ ಹೋಗಿ ನನಗೂ ಒಂದು ಕಪ್ ಚಹಾ ತಂದಿಟ್ಟರು. ಈ ಮನೆಗೆ ಬಂದ ಮೇಲೆ ಅತ್ತೆ ಕೈಯಾರೆ ತಂದುಕೊಟ್ಟ ಮೊದಲ ಚಹಾ, ಸಕ್ಕರೆ ಮರೆತಿದ್ದರು, ಅಷ್ಟೂ ಕುಡಿದೆ.

ಒಣಗಿದ ಬಟ್ಟೆ ತರುವ ನೆವದಲ್ಲಿ ಹಿತ್ತಲಿಗೆ ಬಂದೆ. ನಮ್ಮನೆಯವರ ಅಂಗಿಗೆ ಹಾಕಿದ ಚಿಮಟ ತೆಗೆಯುತ್ತಿರುವಾಗ ಗೋಡೆಯಾಚೆ ಮಂದಾಕಿನಿ ವೈನಿಯ ಬಳೆ ಸಪ್ಪಳವಾಯಿತು.

"ಏನ್ರಿ, ಇವತ್ತ ಕಾಕಾನ ಕೈ ಭಾಳ ನಡಗಾಕತ್ತಿತ್ತಲ್ಲ, ಪಾಪ! ಹೋದ ಗುರುವಾರ ಇಷ್ಟ ಇರಲಿಲ್ಲ. ಜರಾ ಡಾಕ್ಟರಗ ತೋರಸ್ರಿ."